ಹಂಚಿನ ಬೆನ್ನ ಮೇಲೆ 1865

ಮೊನ್ನೆ ಊರಿಗೆ ಹೋದಾಗ ಅಂಗಳದ ಮೂಲೆಯಲ್ಲಿ ಹಂಚಿನ ರಾಶಿ. ಅಡುಗೆಮನೆಯ ಮಾಡು ಇಳಿಸಿ ಅಪ್ಪ ತಾರಸಿ ಹಾಕಿಸ್ತಿದ್ದಾರೆ. ಒಂದು ಹಂಚು ಮಗುಚಿದೆ: ಬಾಸೆಲ್ ಮಿಶನ್ ಹೆಸರು, ಜೊತೆಗೆ 1865. ಅಬ್ಬಾ, ನೂರೈವತ್ತು ವರ್ಷ ದಾಟಿದ ಹಂಚು ಅಂತ ಖುಷಿಪಟ್ಟೆ. ಆಮೇಲೆ ಗೊತ್ತಾಯ್ತು, ಅದು ಹಂಚು ಹುಟ್ಟಿದ ವರ್ಷ ಅಲ್ಲ, ಕಾರ್ಖಾನೆ ಹುಟ್ಟಿದ ವರ್ಷ :)

ಅದಕ್ಕೂ ಮುಂಚೆ ನಮ್ಮ ಕಡೆ ಹೆಚ್ಚಿನ ಮನೆಗಳಿಗೆ ಮುಳಿಹುಲ್ಲು, ಸೋಗೆ. ತಂಪೇನೋ ತಂಪು, ಆದರೆ ಮತ್ತೆ ಮತ್ತೆ ಹೊದೆಸಬೇಕು, ಒಂದು ಕಿಡಿ ಸಾಕು... 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು, ಮತಾಂತರವಾಗಿ ಕುಲಕಸುಬು ಕಳಕೊಂಡವರಿಗೆ ಕೆಲಸ ಹುಡುಕುತ್ತಾ ನೇಯ್ಗೆ, ಹಂಚು ಎಲ್ಲ ಶುರುಮಾಡಿದರು. ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಕಟ್ಟಿದವರು ಜಾರ್ಜ್ ಪ್ಲೆಬ್ಸ್ಟ್. ಒಂದಕ್ಕೊಂದು ಕಚ್ಚಿಕೊಳ್ಳುವ ಈ ಜಾತಿಯ ಹಂಚಿಗೆ ಫ್ರಾನ್ಸಿನ ಗಿಲಾರ್ದೋನಿ ಸಹೋದರರು 1841ರಲ್ಲೇ ಪೇಟೆಂಟ್ ಪಡೆದಿದ್ದರು. ಬುದ್ಧಿ ಅಲ್ಲಿಯದು, ಮಣ್ಣು ನೇತ್ರಾವತಿಯದು!

ಥರ್ಮೋಡೈನಮಿಕ್ಸ್ ಹೇಗೋ ಪಾಸಾದವನು ನಾನು. ಆದರೂ ಇಷ್ಟು ಅರ್ಥವಾಗುತ್ತೆ. ಹಂಚು ತೆಳು; ಬೇಗ ಕಾಯುತ್ತೆ, ಸೂರ್ಯ ಮುಳುಗಿದರೆ ಬೇಗ ಆರುತ್ತೆ. ಸಂದುಗಳಲ್ಲಿ ಗಾಳಿಯಾಡಿ, ಮೇಲೇರಿದ ಬಿಸಿಗಾಳಿ ಹೊರಗೆ ಹೋಗುತ್ತೆ. ನಡುವೆ ಅಟ್ಟ ಇದ್ದರಂತೂ ಮಧ್ಯಾಹ್ನದ ಕಾವು ತೆಂಗಿನಕಾಯಿಗೆ, ನಮಗಲ್ಲ. ಕಾಂಕ್ರೀಟಿನ ತಾರಸಿ ಹಾಗಲ್ಲ. ಹಗಲಿಡೀ ಬಿಸಿಲು ಕುಡಿದು, ನಾವು ಮಲಗುವ ಹೊತ್ತಿಗೆ ಕಕ್ಕುತ್ತೆ. ಆಗ ಫ್ಯಾನು, ಸಾಲದಿದ್ದರೆ ಏಸಿ. ಮನೆಯ ಕರೆಂಟು ಬಿಲ್ಲಿನಲ್ಲಿ ಮಾಡಿನ ಪಾಲೂ ಇದೆ.

ಹಾಗಂತ ಹಂಚು ಸಾಧು ಏನಲ್ಲ. ಸುಡುವ ಭಟ್ಟಿಗಳಿಗೆ ಸುತ್ತಲಿನ ಕಾಡಿನ ಸೌದೆ ಹೋಗಿದೆ, ಗದ್ದೆಗಳ ಆವೆಮಣ್ಣು ಹೋಗಿದೆ. ಮೊದಲ ಮಹಾಯುದ್ಧದಲ್ಲಿ ಮಿಶನ್ನಿನ ಕಾರ್ಖಾನೆಗಳು ಬ್ರಿಟಿಷರ ಕೈಸೇರಿ ಕಾಮನ್‌ವೆಲ್ತ್ ಟ್ರಸ್ಟ್ ಆಯಿತು. ಹಂಚಿನ ಕಾರ್ಖಾನೆಗಳನ್ನು ಆಮೇಲೆ ಮುಚ್ಚಿಸಿದ್ದರಲ್ಲಿ ಕಾಂಕ್ರೀಟಿನ ಪಾಲು ದೊಡ್ಡದು.

ಇಷ್ಟೆಲ್ಲ ಅಪ್ಪನಿಗೆ ಹೇಳಿದೆ.

"ಸರಿ ಮಾರಾಯ. ಮಂಗ ಹಂಚು ಒಡೆದರೆ ಬೆಂಗಳೂರಿನಿಂದ ಬಂದು ನೀನು ಮಾಡು ಹತ್ತುತ್ತೀಯಾ? ಪಕ್ಕಾಸಿಗೆ ಗೆದ್ದಲು ಬಂದದ್ದು ನೋಡಿದ್ದೀಯಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಅಂದರು, "ತಾರಸಿ ಮೇಲೆ ಒಂದು ಶೀಟು ಹಾಕಿಸಬೇಕು. ಇಲ್ಲದಿದ್ದರೆ ಸೆಕೆ ತಡೆಯಲಿಕ್ಕಾಗಲಿಕ್ಕಿಲ್ಲ."

"ಮಾಡಿನ ಮೇಲೆ ಇನ್ನೊಂದು ಮಾಡಾ? ಹಾಗಾದರೆ ಶೀಟು ಯಾಕಪ್ಪಾ, ಕಬ್ಬಿಣದ ಪಕ್ಕಾಸಿಟ್ಟು ಈ ಹಂಚನ್ನೇ ಹೊದೆಸಬಹುದಲ್ಲಾ?"

ಅಪ್ಪ ರಾಶಿಯ ಕಡೆ ನೋಡಿದರು. "ಒಡೆಯದ್ದು ಎಷ್ಟುಂಟು ಅಂತ ಲೆಕ್ಕ ಮಾಡು."

412 ಇತ್ತು.