ಮೇಲಿನ ಮನೆಯ ಮೂವತ್ತು ಕೋಟಿ

ಈ ಸಲ ಒಂದು ಸಿನಿಮಾದ ನೆಪದಲ್ಲಿ ಸ್ವಲ್ಪ ಚರಿತ್ರೆ ಬರೆಯುತ್ತಿದ್ದೇವೆ. ಸಿನಿಮಾದ ಹೆಸರು ‘ಲಾ ಕೊಮುನಿದಾದ್’. ಸ್ಪೇನ್ ದೇಶದ್ದು, 2000ನೇ ಇಸವಿಯ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದದ್ದು. ಕರಾಳ ಹಾಸ್ಯ ಎನ್ನುತ್ತಾರಲ್ಲ, ಆ ಜಾತಿಯ ಚಿತ್ರ. ನೋಡುವಾಗ ನಗು ಬರುತ್ತದೆ, ನಕ್ಕಾದ ಮೇಲೆ ಯಾಕಾದರೂ ನಕ್ಕೆವೋ ಅನಿಸುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ: ಚಿಕ್ಕ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವ ಚಿತ್ರ ಇದಲ್ಲ. ರಕ್ತಪಾತ ಇದೆ, ಕೆಟ್ಟ ಮಾತೂ ಇದೆ. ದೊಡ್ಡವರು ಸಬ್‌ಟೈಟಲ್ ಹಾಕಿಕೊಂಡು ನೋಡಬಹುದು.

ಕಥೆ ಇಷ್ಟು. ಹುಲಿಯಾ ಎಂಬ ನಡುವಯಸ್ಸಿನ ಹೆಂಗಸು ಮ್ಯಾಡ್ರಿಡ್ ನಗರದಲ್ಲಿ ಫ್ಲ್ಯಾಟ್ ಮಾರಿಸಿಕೊಡುವ ಏಜೆಂಟ್. ಹಣದ ಮುಗ್ಗಟ್ಟಿನ ಸಂಸಾರ. ಊರ ನಡುವಿನ ಒಂದು ಹಳೆಯ ಕಟ್ಟಡದಲ್ಲಿ ಮಾರಾಟಕ್ಕೆ ಇಟ್ಟಿದ್ದ ಚೆಂದದ ಫ್ಲ್ಯಾಟಿನಲ್ಲಿ ಒಂದು ರಾತ್ರಿ ಮಲಗಿ ನೋಡೋಣ ಎಂದು ಅವಳಿಗೆ ಆಸೆಯಾಗುತ್ತದೆ. ಮೇಲಿನ ಮನೆಯಲ್ಲಿ ಒಬ್ಬ ಮುದುಕ ಸತ್ತುಬಿದ್ದದ್ದು ಗೊತ್ತಾಗುತ್ತದೆ. ಅವನ ಮನೆಯ ನೆಲದ ಹಂಚಿನ ಕೆಳಗೆ ಅವಳಿಗೆ 30 ಕೋಟಿ ಪೆಸೆಟಾ ಸಿಗುತ್ತದೆ. ಮುದುಕನಿಗೆ ಅದು ಫುಟ್‌ಬಾಲ್ ಪಂದ್ಯಗಳ ಫಲಿತಾಂಶ ಊಹಿಸುವ ಪಂತದಲ್ಲಿ ಬಂದ ಹಣ. ಆದರೆ ಅವನು ಅದನ್ನು ಖರ್ಚು ಮಾಡಲಿಲ್ಲ, ಮಾಡಲಾಗಲಿಲ್ಲ. ಕಟ್ಟಡದ ಎಲ್ಲ ನೆರೆಯವರೂ ಒಟ್ಟುಸೇರಿ, ಈ ಹಣ ಈ ಕಟ್ಟಡ ಬಿಟ್ಟು ಹೋಗಬಾರದು, ಮುದುಕ ಸತ್ತ ದಿನ ಎಲ್ಲರೂ ಸಮನಾಗಿ ಹಂಚಿಕೊಳ್ಳೋಣ ಎಂದು ಒಪ್ಪಂದ ಮಾಡಿಕೊಂಡಿದ್ದರು. ಅವರಿಗೆ ಹೆದರಿ ಅವನು ವರ್ಷಗಟ್ಟಲೆ ಬಾಗಿಲು ಹಾಕಿಕೊಂಡೇ ಕೂತಿದ್ದ. ಈಗ ಹಣ ಹುಲಿಯಾಳ ಸೂಟ್‌ಕೇಸಿನಲ್ಲಿದೆ, ಅವಳು ಕೆಳಗಿಳಿದು ಬೀದಿಗೆ ಹೋಗಬೇಕು, ಮೆಟ್ಟಿಲ ಪ್ರತಿ ತಿರುವಿನಲ್ಲೂ ಒಬ್ಬ ನೆರೆಯವನು ನಗುನಗುತ್ತಾ ನಿಂತಿದ್ದಾನೆ. ಕೊನೆಗೆ ಏನಾಯಿತು ಎಂದು ನಾವು ಹೇಳುವುದಿಲ್ಲ.

ನಿರ್ದೇಶಕರು ಆಲೆಕ್ಸ್ ದೆ ಲಾ ಇಗ್ಲೇಸಿಯಾ. ಬಿಲ್ಬಾವೊದವರು, ಅಲ್ಲಿನ ಯೇಸುಸಭೆಯವರ ದೇವುಸ್ತೊ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದಿದವರು. ಇಗ್ಲೇಸಿಯಾ ಅಂದರೆ ಸ್ಪ್ಯಾನಿಷಿನಲ್ಲಿ ಚರ್ಚ್. ನಮ್ಮ ಹಿರಿಯರು ಹೇಳುವ ‘ಇಗರ್ಜಿ’ ಪೋರ್ಚುಗೀಸಿನಿಂದ ಬಂದದ್ದು, ಎರಡರ ಬೇರೂ ಒಂದೇ! ಹುಲಿಯಾಳ ಪಾತ್ರ ಮಾಡಿದ ಕಾರ್ಮೆನ್ ಮೌರಾ ಅವರಿಗೆ ಸಾನ್ ಸೆಬಾಸ್ಟಿಯನ್ ಚಿತ್ರೋತ್ಸವದಲ್ಲೂ, ಸ್ಪೇನಿನ ದೊಡ್ಡ ಪ್ರಶಸ್ತಿಯಾದ ಗೋಯಾದಲ್ಲೂ ಶ್ರೇಷ್ಠ ನಟಿಯ ಗೌರವ ಸಿಕ್ಕಿತು. ಸಿಗಬೇಕಾದದ್ದೇ. ಆಕೆ ಹುಲಿಯಾಳನ್ನು ಒಳ್ಳೆಯವಳನ್ನಾಗಿ ಮಾಡಲು ಹೋಗಿಲ್ಲ. ಸತ್ತವನ ಹಣ ನ್ಯಾಯವಾಗಿ ಅವನ ವಾರಸುದಾರರಿಗೆ, ಯಾರೂ ಇಲ್ಲದಿದ್ದರೆ ಸರ್ಕಾರಕ್ಕೆ ಸೇರಬೇಕು. ನೆರೆಯವರಿಗೆ ಎಷ್ಟು ಹಕ್ಕಿದೆಯೋ ಹುಲಿಯಾಳಿಗೂ ಅಷ್ಟೇ, ಅಂದರೆ ಏನೂ ಇಲ್ಲ.

ದುರಾಸೆಯ ಸಿನಿಮಾಗಳು ಬೇಕಾದಷ್ಟಿವೆ. ಇದರಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಇಲ್ಲಿನ ನೆರೆಯವರು ತಮ್ಮನ್ನು ಕಳ್ಳರೆಂದು ಒಂದು ಕ್ಷಣವೂ ಅಂದುಕೊಳ್ಳುವುದಿಲ್ಲ. ಅವರು ಸಭೆ ಸೇರುತ್ತಾರೆ. ಅವರಿಗೊಬ್ಬ ಆಡಳಿತಗಾರ ಇದ್ದಾನೆ, ಎಮಿಲಿಯೊ ಎಂದು ಹೆಸರು, ಮಾತು ಬಹಳ ಮರ್ಯಾದೆಯದ್ದು. ಪಾಲು ಸಮ, ಎಲ್ಲರದ್ದೂ ಒಪ್ಪಿಗೆ, ಯಾರಿಗೂ ಅನ್ಯಾಯವಿಲ್ಲ. ಕೊಲೆಗೆ ಇಳಿದಾಗಲೂ ಅವರ ಬಾಯಲ್ಲಿರುವುದು ನ್ಯಾಯದ ಮಾತೇ. ಇದು ಎಲ್ಲಿಂದ ಬಂತು ಎಂದು ತಿಳಿಯಲು ಸ್ಪೇನಿನ ಮನೆಗಳ ಚರಿತ್ರೆ ನೋಡಬೇಕು.

‘ಕೊಮುನಿದಾದ್’ ಅಂದರೆ ಸಮುದಾಯ. ಆದರೆ ಸ್ಪೇನಿನಲ್ಲಿ ಫ್ಲ್ಯಾಟಿನವರ ಬಾಯಲ್ಲಿ ಆ ಪದಕ್ಕೆ ಇನ್ನೊಂದು ಅರ್ಥ ಇದೆ: ಕಟ್ಟಡದ ಮಾಲಿಕರ ಸಂಘ. 1960ರ ಜುಲೈ 21ರಂದು ಅಲ್ಲಿ ಒಂದು ಕಾಯ್ದೆ ಬಂತು. ಒಂದೇ ಕಟ್ಟಡದ ಒಂದೊಂದು ಮಹಡಿಗೆ ಒಬ್ಬೊಬ್ಬ ಮಾಲಿಕ ಇದ್ದರೆ ಮೆಟ್ಟಿಲು, ಲಿಫ್ಟ್, ಮಾಡು, ನೀರಿನ ಪೈಪು ಇವೆಲ್ಲ ಯಾರದ್ದು ಎಂದು ಅದು ನಿರ್ಧರಿಸಿತು. ಉತ್ತರ: ಎಲ್ಲರದ್ದು, ಆದರೆ ಪಾಲಿನ ಲೆಕ್ಕದಲ್ಲಿ. ಪ್ರತಿ ಫ್ಲ್ಯಾಟಿಗೂ ಶೇಕಡಾ ಇಷ್ಟು ಎಂದು ಪಾಲು, ಅದರಂತೆ ಖರ್ಚು. ಸಭೆ ಸೇರಬೇಕು, ಅಧ್ಯಕ್ಷರಿರಬೇಕು, ಮತ ಹಾಕಬೇಕು. ನಮ್ಮ ಮಂಗಳೂರಿನ ಫ್ಲ್ಯಾಟುಗಳಲ್ಲಿ ಇರುವವರಿಗೆ ಇದು ಹೊಸದಲ್ಲ, ಮೆಂಟೆನೆನ್ಸ್ ಜಗಳ ಎಲ್ಲ ಕಡೆಯೂ ಒಂದೇ. ಆದರೆ ಆ ಕಾಲದ ಸ್ಪೇನ್ ಯಾವುದು? ಜನರಲ್ ಫ್ರಾಂಕೊನ ಸರ್ವಾಧಿಕಾರದ್ದು. ದೇಶದ ಆಡಳಿತದಲ್ಲಿ ಜನರಿಗೆ ನಿಜವಾದ ಮತವಿರಲಿಲ್ಲ. ಲಿಫ್ಟ್ ರಿಪೇರಿ ಮಾಡಿಸಬೇಕೋ ಬೇಡವೋ ಎಂಬುದಕ್ಕೆ ಮಾತ್ರ ಕೈ ಎತ್ತಬಹುದಿತ್ತು!

ಅದಕ್ಕೆ ಹಿಂದೆ ಬಹುಪಾಲು ಮ್ಯಾಡ್ರಿಡ್ ಬಾಡಿಗೆ ಮನೆಯಲ್ಲಿತ್ತು. 1920ರಿಂದಲೇ ಬಾಡಿಗೆ ಏರಿಸದಂತೆ ಕಾನೂನುಗಳಿದ್ದವು, 1946 ಮತ್ತು 1964ರ ಕಾಯ್ದೆಗಳು ಅದನ್ನೇ ಮುಂದುವರಿಸಿದವು. ಹಳೆಯ ಬಾಡಿಗೆದಾರನನ್ನು ಬಿಡಿಸುವಂತಿಲ್ಲ. ಅವನು ಸತ್ತರೆ ಅದೇ ಬಾಡಿಗೆಗೆ ಹೆಂಡತಿಗೋ ಮಕ್ಕಳಿಗೋ ಮನೆ ಸಿಗುತ್ತಿತ್ತು. ಬಡವರಿಗೆ ದೊಡ್ಡ ಆಸರೆ, ಅದರಲ್ಲಿ ಸಂಶಯವಿಲ್ಲ. ಆದರೆ ಹೊಸದಾಗಿ ಮದುವೆಯಾಗುವವರಿಗೆ ಮನೆಯೇ ಇಲ್ಲದ ಹಾಗಾಯಿತು. ಹಾಗಾಗಿ ವಯಸ್ಸಾದ ಬಾಡಿಗೆದಾರರ ಮನೆಯ ಮೇಲೆ ಹತ್ತು ಜನರ ಕಣ್ಣು. 1959ರಲ್ಲಿ ಬಂದ ‘ಎಲ್ ಪಿಸಿತೊ’ ಎಂಬ ಸಿನಿಮಾ ಇದೇ ಕಥೆ. ನಿರ್ದೇಶಕ ಮಾರ್ಕೊ ಫೆರೇರಿ, ಬರೆದವರು ರಫಾಯೆಲ್ ಅಸ್ಕೊನಾ. ವರ್ಷಗಟ್ಟಲೆ ಮದುವೆಗೆ ಕಾದ ಜೋಡಿಯೊಂದಕ್ಕೆ ಮನೆ ಸಿಗುವುದಿಲ್ಲ. ಕೊನೆಗೆ ಹುಡುಗನೇ ತಾನು ಒಳಬಾಡಿಗೆಗೆ ಇದ್ದ ಮನೆಯ ಮುದುಕಿಯನ್ನು ಮದುವೆಯಾಗುತ್ತಾನೆ. ಆಕೆ ತೀರಿಹೋದರೆ ಮನೆ ಗಂಡನದ್ದಲ್ಲವೇ! ಆಮೇಲೆ ಆಕೆ ಸಾಯಲಿ ಎಂದು ಕಾಯುವುದೇ ಕೆಲಸ. ‘ಲಾ ಕೊಮುನಿದಾದ್’ನ ನೆರೆಯವರು ಈ ಹುಡುಗನ ವಂಶದವರೇ. ನಲವತ್ತು ವರ್ಷಗಳ ಅಂತರ, ಕಾಯುವ ಕೆಲಸ ಮಾತ್ರ ಅದೇ.

ಆ ನಲವತ್ತು ವರ್ಷಗಳಲ್ಲಿ ದೇಶ ಬದಲಾಯಿತು. 1957ರಲ್ಲಿ ಸ್ಪೇನಿಗೆ ಪ್ರತ್ಯೇಕ ವಸತಿ ಸಚಿವಾಲಯ ಬಂತು. ದೇಶದಲ್ಲಿ ಕೂಲಿಗಳಿಗಿಂತ ಮಾಲಿಕರೇ ಇರಬೇಕು ಎಂಬುದು ಅದರ ಮೊದಲ ಸಚಿವ ಹೋಸೆ ಲೂಯಿಸ್ ಅರ್ರೆಸೆಯ ಘೋಷಣೆ. ಸಾಲ ಇರುವವನು ಬೀದಿಗಿಳಿದು ಮುಷ್ಕರ ಮಾಡಲಾರ ಎಂಬ ಲೆಕ್ಕವೂ ಅದರ ಹಿಂದೆ ಇತ್ತು ಎಂದು ನಮಗನಿಸುತ್ತದೆ. 2001ರ ಜನಗಣತಿಯ ಹೊತ್ತಿಗೆ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಕುಟುಂಬಗಳು ಸ್ವಂತ ಮನೆಯಲ್ಲಿದ್ದವು. ಸಿನಿಮಾ ಬಂದಾಗ ಮನೆಗಳ ಬೆಲೆ ಏರುತ್ತಲೇ ಇತ್ತು. ಅದು ಕುಸಿದದ್ದು 2008ರಲ್ಲಿ. ಹುಲಿಯಾ ಮನೆ ಮಾರುವವಳು, ಆದರೆ ತಾನು ತೋರಿಸುವ ಮನೆ ಅವಳಿಗೆ ಕೊಳ್ಳಲಾಗದು. ಆ ಸಂಕಟ ಸಿನಿಮಾದ ಮೊದಲ ಹತ್ತು ನಿಮಿಷದಲ್ಲೇ ಕಾಣುತ್ತದೆ.

ಇನ್ನು ಹಣ ಬಂದ ದಾರಿ. ಮುದುಕ ಆಡಿದ ಪಂತದ ಹೆಸರು ಕಿನಿಯೆಲಾ, 1946ರಿಂದ ಸರ್ಕಾರವೇ ನಡೆಸುತ್ತಿರುವುದು. ಪಂದ್ಯಕ್ಕೆ ಮೂರು ಉತ್ತರ: ಊರ ತಂಡದ ಗೆಲುವು, ಸಮ, ಹೊರಗಿನ ತಂಡದ ಗೆಲುವು. ಹದಿನಾಲ್ಕು ಪಂದ್ಯ ಸರಿಯಾಗಬೇಕು. ಬಿಎಸ್ಸಿ ಓದಿದ ಅಭ್ಯಾಸಕ್ಕೆ ಲೆಕ್ಕ ಹಾಕಿದೆವು, ಮೂರನ್ನು ಹದಿನಾಲ್ಕು ಸಲ ಗುಣಿಸಿದರೆ 47,82,969 ಬಗೆ. ಅದರಲ್ಲಿ ಒಂದು ಬಗೆ ಹಿಡಿದವನು ಒಂಟಿಯಾಗಿಯೇ ಗೆಲ್ಲುತ್ತಾನೆ, ಒಂಟಿಯಾಗಿಯೇ ಉಳಿಯುತ್ತಾನೆ.

ಸ್ಪೇನಿನವರೇ ಕಂಡುಕೊಂಡ ಇನ್ನೊಂದು ದಾರಿಯೂ ಇದೆ. ಅಲ್ಲಿನ ಕ್ರಿಸ್‌ಮಸ್ ಲಾಟರಿಯ ಮೊದಲ ಡ್ರಾ ನಡೆದದ್ದು 1812ರ ಡಿಸೆಂಬರ್ 18ರಂದು, ಕಾದಿಸ್ ನಗರದಲ್ಲಿ. ನೆಪೋಲಿಯನ್‌ನ ಸೈನ್ಯದ ವಿರುದ್ಧ ಯುದ್ಧ ನಡೆಯುತ್ತಿತ್ತು, ಜನರ ಮೇಲೆ ತೆರಿಗೆ ಹೇರದೆ ಬೊಕ್ಕಸ ತುಂಬಬೇಕಿತ್ತು. ಈಗ ಪ್ರತಿ ಡಿಸೆಂಬರ್ 22ರಂದು ಮ್ಯಾಡ್ರಿಡ್‌ನ ಸಾನ್ ಇಲ್ದೆಫೊನ್ಸೊ ಶಾಲೆಯ ಮಕ್ಕಳು ಸಂಖ್ಯೆಗಳನ್ನು ಹಾಡಿ ಹೇಳುತ್ತಾರೆ. ಆ ಶಾಲೆಗೂ ಲಾಟರಿಗೂ ನಂಟು 1771ರಿಂದ, ಅದು ಅನಾಥ ಮಕ್ಕಳ ಶಾಲೆಯಾಗಿತ್ತು. ಒಂದು ಟಿಕೆಟನ್ನು ಹತ್ತು ಭಾಗ ಮಾಡಿ ಮಾರುತ್ತಾರೆ, ಒಂದು ಭಾಗಕ್ಕೆ 20 ಯೂರೋ. ಒಂದೇ ಸಂಖ್ಯೆಯನ್ನು ಒಂದು ಆಫೀಸಿನವರು, ಒಂದು ಬೀದಿಯವರು, ಒಂದು ಹೋಟೆಲಿಗೆ ಬರುವವರು ಕೊಳ್ಳುತ್ತಾರೆ. ಆಸೆಯಿಂದ ಕೊಳ್ಳುವವರಿಗಿಂತ ಹೆದರಿ ಕೊಳ್ಳುವವರು ಹೆಚ್ಚು ಎಂದು ನಮಗೆ ತೋರುತ್ತದೆ. ಪಕ್ಕದ ಮೇಜಿನವನಿಗೆ ಬಂದು ನಮಗೆ ಬಾರದಿದ್ದರೆ? 2011ರಲ್ಲಿ ವೆಸ್ಕಾ ಪ್ರಾಂತ್ಯದ ಸೊದೆತೊ ಎಂಬ ಸುಮಾರು 250 ಜನರ ಹಳ್ಳಿಗೆ ಮೊದಲ ಬಹುಮಾನ ಬಂತು. ಗೃಹಿಣಿಯರ ಸಂಘದವರು ಮನೆಮನೆಗೆ ಹೋಗಿ ಟಿಕೆಟ್ ಪಾಲು ಮಾರಿದ್ದರು. ಕಡಿಮೆ ಪಾಲಿನವರಿಗೂ ಸುಮಾರು ಒಂದು ಲಕ್ಷ ಯೂರೋ. ಊರ ಹೊರಗಿನ ಒಂದೇ ಒಂದು ಮನೆಗೆ ಅವರು ಹೋಗಿರಲಿಲ್ಲ. ಆ ಮನೆಯಾತ ಡ್ರಾ ದಿನ ಊರವರ ಸಂಭ್ರಮವನ್ನು ಕ್ಯಾಮೆರಾದಲ್ಲಿ ಹಿಡಿದ, ಆತನ ಕೆಲಸವೇ ಅದು.

ಸಿನಿಮಾದ ಆ 30 ಕೋಟಿಯ ಲೆಕ್ಕ ಇನ್ನೊಂದಿದೆ. ಪೆಸೆಟಾದ ಅತಿ ದೊಡ್ಡ ನೋಟು 10,000ದ್ದು. ಅಂದರೆ ಕಡಿಮೆಯೆಂದರೂ 30,000 ನೋಟು, ಯೂರೋದಲ್ಲಿ ಸುಮಾರು 18 ಲಕ್ಷ. ಯೂರೋಗೆ 166.386 ಪೆಸೆಟಾ ಎಂದು 1999ರ ಆರಂಭದಲ್ಲೇ ನಿಗದಿಯಾಗಿತ್ತು, 2002ರ ಜನವರಿಯಲ್ಲಿ ಹೊಸ ನೋಟು ಕೈಗೆ ಬರಲಿತ್ತು. ನೆಲದಡಿಯ ಹಣಕ್ಕೆ ಆಯುಷ್ಯ ಮುಗಿಯುತ್ತಾ ಬಂದಿತ್ತು ಎಂದು ಅಂದಿನ ಪ್ರೇಕ್ಷಕರಿಗೆಲ್ಲ ಗೊತ್ತಿತ್ತು. ನಮಗೆ 2016ರ ನವೆಂಬರ್ 8ರ ರಾತ್ರಿ ನೆನಪಿದೆ. ಸ್ಪೇನಿನವರಿಗೆ ಅಷ್ಟು ಅವಸರವಿರಲಿಲ್ಲ, ಅವರ ರಿಸರ್ವ್ ಬ್ಯಾಂಕಿನಂತಹ ಬ್ಯಾಂಕು 2021ರ ಜೂನ್ 30ರವರೆಗೂ ಹಳೆಯ ನೋಟು ಬದಲಿಸಿಕೊಟ್ಟಿತು. ಆದರೂ 150 ಕೋಟಿ ಯೂರೋಗೂ ಮೀರಿದ ಪೆಸೆಟಾ ಬರಲೇ ಇಲ್ಲ. ಎಷ್ಟು ಮನೆಗಳ ನೆಲದಡಿ ಇದೆಯೋ!

ಇಷ್ಟೆಲ್ಲ ದೂರದ ಕಥೆ ಕಾಸರಗೋಡಿನವರಿಗೆ ಯಾಕೆ ಎಂದು ಯಾರೂ ಕೇಳಲಾರರು ಅಂದುಕೊಂಡಿದ್ದೇವೆ. ಕೇರಳ ಸರ್ಕಾರದ ಲಾಟರಿ ಇಲಾಖೆ 1967ರಲ್ಲಿ ಶುರುವಾಯಿತು, ಮೊದಲ ಡ್ರಾ 1968ರ ಜನವರಿ 26ರಂದು. ಟಿಕೆಟಿಗೆ 1 ರೂಪಾಯಿ, ಮೊದಲ ಬಹುಮಾನ 50,000. ಕರ್ನಾಟಕದಲ್ಲಿ 2007ರಿಂದ ಲಾಟರಿ ಇಲ್ಲ, ಹಾಗಾಗಿ ತಲಪಾಡಿ ದಾಟಿದ ಕೂಡಲೇ ಟಿಕೆಟ್ ಅಂಗಡಿ ಕಾಣುತ್ತದೆ. 2024ರ ಓಣಂ ಬಂಪರಿನ 25 ಕೋಟಿ ಕೂಡ ವಯನಾಡಿನಲ್ಲಿ ಮಾರಾಟವಾದ ಟಿಕೆಟಿಗೆ, ಕರ್ನಾಟಕದ ಒಬ್ಬರಿಗೆ ಬಂತು. 2022ರಲ್ಲಿ ಮೊದಲ ಸಲ 25 ಕೋಟಿ ಇಟ್ಟಾಗ ಗೆದ್ದವರು ಕೆಲವೇ ದಿನಗಳಲ್ಲಿ ಬಹಿರಂಗವಾಗಿ ಗೋಳು ತೋಡಿಕೊಂಡರು. ಮನೆಯ ಮುಂದೆ ಹಣ ಕೇಳುವವರ ಸಾಲು, ಸ್ವಂತ ಮನೆಯಲ್ಲಿ ಇರಲಾಗದ ಸ್ಥಿತಿ, ಅಕ್ಕಪಕ್ಕದವರಿಗೂ ಬೇಸರ. ಬೀಗ ಹಾಕಿಕೊಂಡು ಕೂತ ಆ ಮ್ಯಾಡ್ರಿಡ್ ಮುದುಕನ ನೆನಪಾಗದೆ ಇರುತ್ತದೆಯೇ? ಆಮೇಲಿನ ಬಂಪರುಗಳಲ್ಲಿ ಹೆಸರು ಹೇಳಬೇಡಿ ಎಂದು ಇಲಾಖೆಯನ್ನು ಕೇಳಿಕೊಂಡವರೂ ಇದ್ದಾರೆ.

ಇನ್ನೊಂದು ಟಿಕೆಟ್ 2023ರ ಮಳೆಗಾಲದ ಬಂಪರಿನದ್ದು. ಮಲಪ್ಪುರಂ ಜಿಲ್ಲೆಯ ಪರಪ್ಪನಂಗಾಡಿಯಲ್ಲಿ ಮನೆಮನೆಯ ಪ್ಲಾಸ್ಟಿಕ್ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ 11 ಮಹಿಳೆಯರು ಸೇರಿ 250 ರೂಪಾಯಿಯ ಒಂದು ಟಿಕೆಟ್ ತೆಗೆದರು. ಒಂಬತ್ತು ಮಂದಿ ತಲಾ 25 ಹಾಕಿದರು. ಇಬ್ಬರ ಬಳಿ ಅಷ್ಟಿರಲಿಲ್ಲ, ಅವರು ಹನ್ನೆರಡೂವರೆ ಹನ್ನೆರಡೂವರೆ ಸೇರಿಸಿ ಒಂದು ಪಾಲು ಮಾಡಿದರು. ಬಂದದ್ದು 10 ಕೋಟಿ. ಕಸ ಎತ್ತುವ ಕೆಲಸ ಬಿಡುವುದಿಲ್ಲ ಎಂದು ಪತ್ರಿಕೆಯವರಿಗೆ ಹೇಳಿದರು.