ಮುಳುಗಿದ ಸ್ವರ್ಗಾವತಿ, ಉಳಿದ ಬೈಗುಳ

ಚನ್ನಗಿರಿಯಿಂದ ದಾವಣಗೆರೆಗೆ ಹೋಗುವ ದಾರಿಯಲ್ಲಿ ಸೂಳೆಕೆರೆ ಸಿಗುತ್ತದೆ. ಗುಡ್ಡಗಳ ನಡುವಿನ ಕಿರಿದಾದ ಕಣಿವೆಯಲ್ಲಿ ಹರಿದ್ರಾ ಹೊಳೆಗೆ ಅಡ್ಡಲಾಗಿ ಏರಿ ಹಾಕಿ, ಸಿದ್ದನ ತೂಬು, ಬಸವನ ತೂಬು ಎಂದು ಎರಡು ತೂಬು ಇಟ್ಟು ಕಟ್ಟಿದ ಕೆರೆ. ಅದರ ತಳದಲ್ಲಿ ಸ್ವರ್ಗಾವತಿ ಎಂಬ ಪಟ್ಟಣ ಮಲಗಿದೆ ಎಂಬುದು ಜನರ ನಂಬಿಕೆ.

19ನೇ ಶತಮಾನದಲ್ಲಿ ಬಿ.ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್‌ನಲ್ಲಿ ಈ ಐತಿಹ್ಯದ ಒಂದು ರೂಪವಿದೆ. ರಾಜನ ಮಗಳು ದೈವಾಂಶದ ಪುರುಷನೊಬ್ಬನನ್ನು ಕೂಡಿದಳು. ಪ್ರಾಯಶ್ಚಿತ್ತವಾಗಿ ಕೆರೆ ಕಟ್ಟಿಸಿದಳು. ತನ್ನ ಪಟ್ಟಣ ಮುಳುಗಿದ್ದಕ್ಕೆ ಕೆರಳಿದ ತಂದೆ, ಇದು ಸೂಳೆಯ ಕೆಲಸವೆಂದು ಶಪಿಸಿದ. ಶಾಪವೇ ಹೆಸರಾಯಿತು.

ಸಾವಿರಾರು ಮೈಲಿ ದೂರದ ಕೆಲ್ಟಿಕ್ ನಾಡುಗಳಲ್ಲೂ ಇಂಥ ಮಗಳಂದಿರಿದ್ದಾರೆ. ಫ್ರಾನ್ಸಿನ ಬ್ರಿಟನಿಯಲ್ಲಿ ಈಸ್ ಎಂಬ ನಗರ ಕಡಲು ಸೇರಿದ್ದು ದೊರೆ ಗ್ರಾಡ್ಲನ್ನನ ಮಗಳು ದಾಹುತ್‌ಳಿಂದ ಎನ್ನುತ್ತಾರೆ. ಅವಳು ಕಡಲ ಬಾಗಿಲಿನ ಬೀಗದ ಕೈ ಕದ್ದಳಂತೆ; ಓಡಿ ಪಾರಾಗುತ್ತಿದ್ದ ತಂದೆ ಅವಳನ್ನು ಕುದುರೆಯಿಂದ ನೀರಿಗೆ ನೂಕಿದನಂತೆ. ವೇಲ್ಸಿನ ಮುಳುಗಿದ ನಾಡಿನ ಹಳೆಯ ಕವಿತೆ ಮೆರೆರಿಡ್ ಎಂಬ ಹೆಣ್ಣನ್ನು ದೂರುತ್ತದೆ; ಕುಡುಕ ಕಾವಲುಗಾರ ಸೈಥೆನಿನ್ ಹೊಣೆಗಾರನಾದದ್ದು ನಂತರದ ಹೇಳಿಕೆಗಳಲ್ಲಿ.

ಮಹಾ ಅಲೆಯೊಂದು ನಾಡನ್ನು ನುಂಗುವ ಕನಸು ಟೋಲ್ಕಿನ್‌ಗೆ ಮರಳಿ ಮರಳಿ ಬೀಳುತ್ತಿತ್ತು. ಅವರು ಸೃಷ್ಟಿಸಿದ ನೂಮೆನೋರ್ ದ್ವೀಪ ಮುಳುಗುವುದು ಅರಸನ ಅಹಂಕಾರದಿಂದ. ಆದರೂ ಬೆಟ್ಟ ಹತ್ತಿ ಪಾರಾಗಲು ಓಡುವ ರಾಣಿ ಮಿರಿಯಲ್ ಅಲೆಗೆ ಸಿಗುತ್ತಾಳೆ. ಇಲ್ಲಿ ತಪ್ಪು ಗಂಡಸಿನದು, ಮುಳುಗುವವಳು ಹೆಣ್ಣು.

ಇಂಥ ಕಥೆಗಳ ಹಿಂದೆ ನಿಜವೂ ಇರುತ್ತದೆ. 2014ರ ಬಿರುಗಾಳಿಗೆ ವೇಲ್ಸಿನ ಬೋರ್ತ್ ಕಡಲತೀರದಲ್ಲಿ ಸಾವಿರಾರು ವರ್ಷ ಹಿಂದಿನ ಕಾಡಿನ ಮರದ ಬೊಡ್ಡೆಗಳು ಮೇಲೆದ್ದಿದ್ದವು. ಸೂಳೆಕೆರೆಯ ನಿಜ ಇನ್ನೂ ಸರಳ: ಹೊಳೆಗೆ ಅಡ್ಡ ಏರಿ ಕಟ್ಟಿದರೆ ಮೇಲ್ಭಾಗದ ನೆಲ ಮುಳುಗಲೇಬೇಕು. ಕೆಳಗಿನ ಗದ್ದೆಗೆ ನೀರು ಹರಿಯಲು ಯಾರದೋ ಹೊಲ, ಯಾರದೋ ಮನೆ ಹೋಗುತ್ತದೆ.

ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ದಾಹುತ್ ಬಾಗಿಲು ತೆರೆದು ಹಾಳು ಮಾಡಿದವಳು. ನಮ್ಮ ಕಥೆಯ ಹೆಣ್ಣು ನೀರು ನಿಲ್ಲಿಸಿ ಊರುಗಳನ್ನು ಬದುಕಿಸಿದವಳು. ಆದರೂ ಬೈಗುಳ ಇಬ್ಬರಿಗೂ ಒಂದೇ.

ಈಗ ಕೆರೆಗೆ ಶಾಂತಿಸಾಗರ ಎಂಬ ಹೆಸರಿದೆ. ಅದರಲ್ಲಿ ಜನರು ಹೇಳುವ ಶಾಂತವ್ವನ ನೆನಪಿದೆ, ಒಳ್ಳೆಯದೇ. ಆದರೆ ಇನ್ನೊಂದು ಹೇಳಿಕೆಯ ಪ್ರಕಾರ ಕೆರೆಗೆ ನೆಲ ಬಿಟ್ಟುಕೊಟ್ಟವರೇ ಸೂಳೆಯರು; ತಮ್ಮ ಹೆಸರು ಉಳಿಯಬೇಕೆಂಬುದೇ ಅವರ ಷರತ್ತು. ಅದು ನಿಜವಾದರೆ, ನಾವು ಅಳಿಸುತ್ತಿರುವುದು ಬೈಗುಳವನ್ನೋ, ಅವರಿಗೆ ಕೊಟ್ಟ ಮಾತನ್ನೋ?