ಮುಗ್ಗಟ್ಟು, ಸಾಲ ಮತ್ತು ಉಗ್ರ ರಾಜಕಾರಣ: ನಿಜಾಮರ ಆಳ್ವಿಕೆಯ ರಾಯಚೂರು ಸೀಮೆ, 1929–1952

ಬೆಲೆಗಳು ವರ್ಷಗಟ್ಟಲೆ ಕುಸಿದು, ಬೆಳೆದ ಮಾಲಿಗೆ ಗಿರಾಕಿ ಇಲ್ಲದಂತಾಗಿ, ಕೂಲಿಯೂ ಸಾಲವೂ ಹುಟ್ಟದ ಸ್ಥಿತಿಯನ್ನು ಅರ್ಥಶಾಸ್ತ್ರವು ಆರ್ಥಿಕ ಮುಗ್ಗಟ್ಟು ಎಂದು ಕರೆಯುತ್ತದೆ. ಇಂಥ ಕಾಲದಲ್ಲಿ ಉಗ್ರ ಪಕ್ಷಗಳಿಗೆ, ಎಂದರೆ ಎದುರಾಳಿಯ ಹಕ್ಕನ್ನೂ ಕಾಯ್ದೆಯ ಮಿತಿಯನ್ನೂ ಒಪ್ಪದೆ ಬಲಪ್ರಯೋಗವನ್ನೇ ರಾಜಕೀಯ ಸಾಧನವಾಗಿ ಎತ್ತಿಹಿಡಿಯುವ ಸಂಘಟನೆಗಳಿಗೆ, ಜನಬೆಂಬಲ ಹೆಚ್ಚುತ್ತದೆ ಎಂಬ ತೀರ್ಮಾನವು ಬಹುಮಟ್ಟಿಗೆ ಯುರೋಪಿನ ಚುನಾವಣಾ ಅಂಕಿಗಳ ಮೇಲೆ ನಿಂತಿದೆ. ಚುನಾವಣೆಯೇ ಇರದಿದ್ದ ನಾಡಿನಲ್ಲಿ ಇದೇ ಮುಗ್ಗಟ್ಟು ಯಾವ ದಾರಿ ಹಿಡಿಯಿತು ಎಂಬುದನ್ನು ಅರಿಯಲು ಕೃಷ್ಣಾ–ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ್ ತಕ್ಕ ನಿದರ್ಶನವಾಗಿದೆ. ಈ ಸೀಮೆಯ ಇತಿಹಾಸವು ಹೇಳುವುದೇನೆಂದರೆ, ಹಸಿವು ಮತ್ತು ಸಾಲಗಳು ತಾವಾಗಿಯೇ ಉಗ್ರತೆಯನ್ನು ಹುಟ್ಟಿಸುವುದಿಲ್ಲ. ಸಂಕಟವನ್ನು ಹೇಳಿಕೊಳ್ಳುವ ಕಾನೂನುಬದ್ಧ ದಾರಿಗಳನ್ನು ಆಳುವವರು ಮುಚ್ಚಿದಾಗ, ಮುಚ್ಚದೆ ಉಳಿದ ಒಂದೆರಡು ದಾರಿಗಳ ಮೂಲಕವೇ ಆ ಸಂಕಟ ಹರಿಯುತ್ತದೆ.

ಜರ್ಮನಿಯ ಉದಾಹರಣೆಯನ್ನು ಮೊದಲು ಸರಿಯಾಗಿ ಓದಿಕೊಳ್ಳಬೇಕು. 1928ರ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ದೊರೆತದ್ದು ಶೇ. 2.6ರಷ್ಟು ಮತ; ಅದು 1930ರ ಸೆಪ್ಟೆಂಬರಿನಲ್ಲಿ ಶೇ. 18.3ಕ್ಕೂ, ನಿರುದ್ಯೋಗಿಗಳ ಸಂಖ್ಯೆ 60 ಲಕ್ಷದ ಆಸುಪಾಸು ತಲುಪಿದ್ದ 1932ರ ಜುಲೈನಲ್ಲಿ ಶೇ. 37ಕ್ಕೂ ಏರಿತು. ಆದರೆ ಕೆಲಸ ಕಳೆದುಕೊಂಡ ಕಾರ್ಮಿಕರು ನಾಜಿಗಳಿಗಿಂತ ಹೆಚ್ಚಾಗಿ ಕಮ್ಯುನಿಸ್ಟರ ಕಡೆ ವಾಲಿದರೆಂದೂ, ನಾಜಿಗಳಿಗೆ ದೊಡ್ಡ ಬಲ ಬಂದದ್ದು ಸಾಲದಲ್ಲಿ ಸಿಲುಕಿದ್ದ ಪ್ರಾಟೆಸ್ಟಂಟ್ ಸಣ್ಣ ರೈತರು, ಅಂಗಡಿಕಾರರು, ಕುಶಲಕರ್ಮಿಗಳಿಂದ ಎಂದೂ ಮತಗಳ ವಿವರವಾದ ಅಧ್ಯಯನಗಳು ತೋರಿಸಿವೆ. ಇರುವುದನ್ನು ಕಳೆದುಕೊಳ್ಳುವ ಭಯವು ಏನೂ ಇಲ್ಲದವರ ಹಸಿವಿಗಿಂತ ಬೇಗ ಉಗ್ರರ ಕೈಗೆ ಸಿಕ್ಕಿತು. ಅದೇ ಮುಗ್ಗಟ್ಟಿಗೆ ಸಿಕ್ಕಿದ ಸ್ವೀಡನ್ನಿನಲ್ಲಿ 1933ರಲ್ಲಿ ಕಾರ್ಮಿಕರ ಪಕ್ಷವೂ ರೈತರ ಪಕ್ಷವೂ ಒಪ್ಪಂದ ಮಾಡಿಕೊಂಡು, ಬೆಳೆಗೆ ಬೆಲೆ ಮತ್ತು ನಿರುದ್ಯೋಗಿಗೆ ಕೆಲಸ ಎರಡನ್ನೂ ಸರ್ಕಾರದ ಹೊಣೆಯಾಗಿಸಿದ್ದರಿಂದ ಉಗ್ರ ಪಕ್ಷಗಳು ಅಲ್ಲಿ ಬೇರುಬಿಡಲಿಲ್ಲ. ಕಾರಣ ಒಂದೇ ಆಗಿದ್ದರೂ ಪರಿಣಾಮ ಬೇರೆಯಾದುದರ ಗುಟ್ಟನ್ನು ರಾಜಕೀಯ ವ್ಯವಸ್ಥೆಯಲ್ಲಿ ಹುಡುಕಬೇಕು.

ರಾಯಚೂರು ಸೀಮೆಯನ್ನು 1853ರಲ್ಲಿ ಹೈದರಾಬಾದ್ ಸಂಸ್ಥಾನದ ನಿಜಾಮರು ಬ್ರಿಟಿಷರಿಗೆ ಬಿಟ್ಟುಕೊಟ್ಟು 1860ರಲ್ಲಿ ಮರಳಿ ಪಡೆದರು. 1871ರಲ್ಲಿ ಮುಂಬಯಿ ಕಡೆಯಿಂದ ಬಂದ ರೈಲುದಾರಿಯೂ ಮದರಾಸು ಕಡೆಯಿಂದ ಬಂದ ರೈಲುದಾರಿಯೂ ರಾಯಚೂರಿನಲ್ಲಿ ಕೂಡಿದ ಮೇಲೆ, ಇಲ್ಲಿನ ಎರೆಭೂಮಿಯ ಹತ್ತಿ ಮತ್ತು ಶೇಂಗಾ ದೂರದ ಪೇಟೆಗಳ ಧಾರಣೆಗೆ ಕಟ್ಟುಬಿದ್ದವು. ಎರಡು ಹೊಳೆಗಳು ಹರಿದರೂ ದೊಡ್ಡ ಕಾಲುವೆಗಳಿನ್ನೂ ಆಗಿರಲಿಲ್ಲ; ತುಂಗಭದ್ರೆಯ ಕಡೆಯ ಗಿಲ್ಲೆಸುಗೂರು, ಮಾನ್ವಿಗಳಾಗಲಿ ಕೃಷ್ಣೆಯ ಕಡೆಯ ದೇವದುರ್ಗವಾಗಲಿ ಮಳೆಯನ್ನೇ ನಂಬಿದ ಒಣಬೇಸಾಯದ ಪ್ರದೇಶಗಳಾಗಿದ್ದವು. ಹೀಗೆ ಉಣ್ಣುವ ಜೋಳ ಮಳೆಯ ಕೈಯಲ್ಲಿಯೂ ದುಡ್ಡು ತರುವ ಹತ್ತಿ ಪರದೇಶದ ಪೇಟೆಯ ಕೈಯಲ್ಲಿಯೂ ಇದ್ದಾಗ 1929ರ ಜಾಗತಿಕ ಬೆಲೆಕುಸಿತ ಬಂದೆರಗಿತು.

ಮುಂದಿನ ನಾಲ್ಕೈದು ವರ್ಷಗಳಲ್ಲಿ ಭಾರತದ ಕೃಷಿ ಉತ್ಪನ್ನಗಳ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಭೂಕಂದಾಯವನ್ನು ಬಂದೋಬಸ್ತಿನಲ್ಲಿ, ಎಂದರೆ ಜಮೀನನ್ನು ಅಳೆದು ದರ್ಜೆ ಕಟ್ಟಿ ಹಲವು ವರ್ಷಗಳಿಗೆ ಒಮ್ಮೆ ತೆರಿಗೆ ನಿಗದಿಪಡಿಸುವ ಏರ್ಪಾಡಿನಲ್ಲಿ, ಹಾಲಿ ಸಿಕ್ಕಾ ಎಂಬ ಸಂಸ್ಥಾನದ ಸ್ವಂತ ನಾಣ್ಯದ ಲೆಕ್ಕದಲ್ಲಿ ಗೊತ್ತುಮಾಡಲಾಗಿತ್ತು. ಧಾರಣೆ ಅರ್ಧಕ್ಕಿಳಿದಾಗ, ಅದೇ ಕಂದಾಯವನ್ನೂ ಅದೇ ಬಡ್ಡಿಯನ್ನೂ ಕಟ್ಟಲು ರೈತನು ಮೊದಲಿನ ಎರಡರಷ್ಟು ಮಾಲನ್ನು ಮಾರಬೇಕಾಯಿತು. ಸಾಲದ ಪತ್ರದಲ್ಲಿ ಒಂದು ಅಕ್ಷರವೂ ಬದಲಾಗದೆ ಸಾಲ ಇಮ್ಮಡಿಯಾಯಿತು. ಪೇಟೆಯಲ್ಲಿ ನಗದು ಬತ್ತಿದಾಗ ಸಾವುಕಾರನು ಹೊಸ ಸಾಲ ನಿಲ್ಲಿಸಿ ಹಳೆಯ ಬಾಕಿಗೆ ಜಮೀನನ್ನು ಹಿಡಿಯಲು ಮುಂದಾದನು, ಮನೆಯ ಬಂಗಾರ ಪೇಟೆಗೆ ಹೋಯಿತು. 1931ರ ನಂತರ ಭಾರತದಿಂದ ಹೊರಹರಿದ ಅಪಾರ ಚಿನ್ನದಲ್ಲಿ ರೈತ ಹೆಣ್ಣುಮಕ್ಕಳ ಮೈಮೇಲಿನ ಒಡವೆಗಳ ಪಾಲು ಬಹಳ ದೊಡ್ಡದು. ಆಡಳಿತಕ್ಕೆ ಈ ಸ್ಥಿತಿ ತಿಳಿಯದೆ ಇರಲಿಲ್ಲ. ಎಸ್. ಕೇಶವ ಅಯ್ಯಂಗಾರರು 1929–30ರಲ್ಲಿ ಸಂಸ್ಥಾನದ ಹಳ್ಳಿಗಳ ಆರ್ಥಿಕ ಸಮೀಕ್ಷೆ ನಡೆಸಿದ್ದರು, ಎಸ್. ಎಂ. ಭರೂಚಾ ಅವರು ರೈತರ ಸಾಲಭಾರವನ್ನು ಕುರಿತು ಬರೆದ ವರದಿ 1937ರಲ್ಲಿ ಸರ್ಕಾರದ ಮುಂದಿತ್ತು.

ಆದರೆ ತಿಳಿವಳಿಕೆಗೂ ಆಡಳಿತಕ್ಕೂ ನಡುವೆ ಜನರ ದನಿ ಇರಲಿಲ್ಲ. ಮುಗ್ಗಟ್ಟು ಆರಂಭವಾದ 1929ರಲ್ಲಿಯೇ ಹೊರಬಿದ್ದ, ಗಶ್ತಿ ನಿಶಾನ್ 53 ಎಂದು ಹೆಸರಾದ ಸುತ್ತೋಲೆಯು ಮುಂಚಿತವಾಗಿ ಅನುಮತಿ ಪಡೆಯದೆ ಸಾರ್ವಜನಿಕ ಸಭೆ ನಡೆಸದಂತೆ ಕಟ್ಟುಮಾಡಿತು. ಜನರಿಂದ ಆರಿಸಿಬಂದ, ಅಧಿಕಾರವುಳ್ಳ ಶಾಸನಸಭೆಯೂ ಇರಲಿಲ್ಲ. ಕಂದಾಯ ಇಳಿಸಿರೆಂದು ಕೇಳಲು ಸೇರುವುದು ಅಪರಾಧಕ್ಕೆ ಸಮನಾದಾಗ ಜನ ಸೇರಬಹುದಾಗಿದ್ದ ಜಾಗಗಳು ಎರಡೇ: ಭಾಷೆ–ವಿದ್ಯೆಯ ವೇದಿಕೆಗಳು ಮತ್ತು ಧರ್ಮದ ವೇದಿಕೆಗಳು. ಮೊದಲನೆಯದಕ್ಕೆ ರಾಯಚೂರಿನಲ್ಲಿ ಹೆಮ್ಮೆಪಡುವಂಥ ಪರಂಪರೆ ಇತ್ತು. ಪಂಡಿತ ತಾರಾನಾಥರು 1920ರ ಹೊತ್ತಿಗೆ ಕಟ್ಟಿದ ಹಮ್‌ದರ್ದ್ ಶಾಲೆ ಜಾತಿಮತಗಳನ್ನು ಬದಿಗಿಟ್ಟು ಮಕ್ಕಳನ್ನು ಬೆಳೆಸಿತು. 1934ರಲ್ಲಿ, ಧಾರಣೆಗಳು ತಳ ಕಂಡಿದ್ದ ಆ ದಿನಗಳಲ್ಲಿ, ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ರಾಯಚೂರಿನಲ್ಲಿ ನಡೆಯಿತು. ಈ ಸಂಸ್ಥೆಗಳು ನಾಡಿನ ಮನಸ್ಸನ್ನು ಹದಗೊಳಿಸಿದವು, ನಿಜ. ಆದರೆ ಬಡ್ಡಿ ಮತ್ತು ಕಂದಾಯದ ಪ್ರಶ್ನೆಯನ್ನು ಎತ್ತುವ ಅವಕಾಶ ಅವುಗಳಿಗೆ ಇರಲಿಲ್ಲ.

ಎರಡನೆಯ ದಾರಿ ಬೇರೆ ಕಡೆಗೆ ಒಯ್ದಿತು. 1927ರಲ್ಲಿ ಮುಸ್ಲಿಂ ಪಂಗಡಗಳನ್ನು ಒಗ್ಗೂಡಿಸುವ ಉದ್ದೇಶದಿಂದ ಹುಟ್ಟಿದ ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯು 1930ರ ದಶಕದ ಕೊನೆಯಲ್ಲಿ ಬಹಾದೂರ್ ಯಾರ್ ಜಂಗ್ ಅವರ ನಾಯಕತ್ವದಲ್ಲಿ ರಾಜಕೀಯ ಶಕ್ತಿಯಾಯಿತು. ಅದರ ಬೆಳವಣಿಗೆಯನ್ನು ಧರ್ಮವೊಂದರಿಂದಲೇ ವಿವರಿಸಲಾಗದು. ಉಸ್ಮಾನಿಯಾ ವಿಶ್ವವಿದ್ಯಾಲಯದಿಂದ ಹೊರಬಂದ ಪದವೀಧರರಿಗೆ ಸರ್ಕಾರಿ ನೌಕರಿ ಬಿಟ್ಟರೆ ಬೇರೆ ಆಸರೆ ಕಡಿಮೆಯಾಗಿತ್ತು. ನೌಕರಿಗಳು ಸ್ಥಳೀಯರಿಗೇ ಸಿಗಬೇಕೆಂಬ ಮುಲ್ಕಿ ಚಳವಳಿಯಲ್ಲಿ ಮೊದಮೊದಲು ಹಿಂದೂ–ಮುಸ್ಲಿಂ ವಿದ್ಯಾವಂತರು ಒಟ್ಟಿಗೆ ನಿಂತಿದ್ದರು. ಆ ಜಂಟಿ ವೇದಿಕೆ ಬಲಗುಂದಿದಾಗ ನೌಕರಿಯ ಆತಂಕವು ಮತದ ಬಣ್ಣ ಪಡೆಯಿತು. ಪ್ರತಿಯೊಬ್ಬ ಮುಸ್ಲಿಮನೂ ಸಂಸ್ಥಾನದ ಒಡೆತನದಲ್ಲಿ ಪಾಲುದಾರನೆಂಬ ಇತ್ತೆಹಾದಿನ ತತ್ತ್ವವು, ಕೈಯಲ್ಲಿ ಏನೂ ಇಲ್ಲದ ಬಡ ಮುಸ್ಲಿಮನಿಗೂ ಕಳೆದುಕೊಳ್ಳಬಾರದ ಸ್ಥಾನವೊಂದಿದೆ ಎಂಬ ಭಾವನೆ ಕೊಟ್ಟಿತು. ಇನ್ನೊಂದು ಕಡೆ 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ನಿಷೇಧಿಸಿದ್ದರಿಂದ, ಎಲ್ಲ ಮತದವರಿಗೂ ಬಾಗಿಲು ತೆರೆಯಬಹುದಾಗಿದ್ದ ಪಕ್ಷ ಮೂಲೆಗೆ ಸರಿದು, 1938–39ರ ಆರ್ಯಸಮಾಜದ ಸತ್ಯಾಗ್ರಹವೇ ಪ್ರತಿಭಟನೆಯ ದೊಡ್ಡ ರೂಪವಾಯಿತು. ಈ ನಿಷೇಧವು ನಿಜಾಮ ಆಡಳಿತದ ಅತ್ಯಂತ ಹಾನಿಕರ ನಿರ್ಧಾರವೆಂದೇ ಹೇಳಬೇಕು. ಅದನ್ನು ತೆರವುಗೊಳಿಸುವಷ್ಟರಲ್ಲಿ 1946ರ ಜುಲೈ ಬಂದಿತ್ತು.

ಅಷ್ಟರಲ್ಲಿ ಯುದ್ಧಕಾಲದ ಎರಡನೆಯ ಸಂಕಟ ಹಳ್ಳಿಗಳನ್ನು ಹೊಕ್ಕಿತ್ತು. ಈಗ ಧಾರಣೆ ಏರುತ್ತಿತ್ತು, ಆದರೆ ಲೇವಿ ಎಂಬ ಕಡ್ಡಾಯ ಧಾನ್ಯವಸೂಲಿಯಲ್ಲಿ ರೈತನ ಜೋಳ ಸರ್ಕಾರ ಕಟ್ಟಿದ ಬೆಲೆಗೆ ಹೋಗುತ್ತಿತ್ತು. ಬಟ್ಟೆ, ಸೀಮೆಎಣ್ಣೆಗಳ ಅಭಾವ ಕಾಡುತ್ತಿತ್ತು. 1946ರ ಕೊನೆಯ ಹೊತ್ತಿಗೆ ಲಾತೂರಿನ ವಕೀಲ ಕಾಸಿಂ ರಜ್ವಿಯ ಕೈಗೆ ಇತ್ತೆಹಾದ್ ಬಂದು, ಅದರ ಸ್ವಯಂಸೇವಕ ದಳವಾದ ರಜಾಕಾರರು ಶಸ್ತ್ರಸಜ್ಜಿತ ಪಡೆಯಾಗಿ ಬೆಳೆದರು. ಕೆಲಸವಿಲ್ಲದ ಯುವಕರಿಗೂ, ದೇಶವಿಭಜನೆಯ ನಂತರ ನೆರೆಯ ಪ್ರಾಂತಗಳಿಂದ ವಲಸೆ ಬಂದ ನಿರಾಶ್ರಿತರಿಗೂ ಆ ಪಡೆ ಒಂದು ನೆಲೆಯಾಗಿ ಕಂಡಿತು. ಅದರ ದೌರ್ಜನ್ಯಕ್ಕೆ ಎದುರಾಗಿ ಗಡಿಯಾಚೆ ಮುಂಡರಗಿ, ಗಜೇಂದ್ರಗಡಗಳಲ್ಲಿ, ಸಂಸ್ಥಾನವು ಭಾರತಕ್ಕೆ ಸೇರಬೇಕೆಂದು ಹೋರಾಡಿದವರ ಶಿಬಿರಗಳು ಎದ್ದವು. ಸಿಂದಿ ಮರಗಳನ್ನು ಕಡಿಯುವುದು, ಕರೋಡಗಿರಿ ನಾಕಾಗಳ, ಎಂದರೆ ಗಡಿಯ ಸುಂಕದ ಕಟ್ಟೆಗಳ, ಮೇಲೆ ದಾಳಿ ಮಾಡುವುದು ಚಳವಳಿಯ ಭಾಗವಾಯಿತು. ಸಂಸ್ಥಾನದ ಆದಾಯಮೂಲಗಳನ್ನೇ ಗುರಿಯಾಗಿಸಿದ ಈ ಕ್ರಮದಲ್ಲಿ ಆ ಹೋರಾಟದ ಆರ್ಥಿಕ ಮುಖ ಸ್ಪಷ್ಟವಾಗಿ ಕಾಣುತ್ತದೆ. ಮುಸ್ಲಿಮರೆಲ್ಲ ರಜಾಕಾರರ ಬೆನ್ನಿಗಿದ್ದರೆಂಬ ಮಾತು ಸುಳ್ಳು. ರಜಾಕಾರರನ್ನು ಬಹಿರಂಗವಾಗಿ ಟೀಕಿಸಿದ ಉರ್ದು ಪತ್ರಿಕಾ ಸಂಪಾದಕ ಶೋಯೆಬುಲ್ಲಾ ಖಾನರು 1948ರ ಆಗಸ್ಟಿನಲ್ಲಿ ಕೊಲೆಯಾದರು. ಸಂಸ್ಥಾನವನ್ನು ವಶಕ್ಕೆ ಪಡೆಯಲು ಭಾರತದ ಸೇನೆ ಸೆಪ್ಟೆಂಬರಿನಲ್ಲಿ ನಡೆಸಿದ, ಪೊಲೀಸ್ ಕಾರ್ಯಾಚರಣೆ ಎಂದು ಹೆಸರಾದ ದಾಳಿಯಿಂದ ರಜಾಕಾರ ಶಕ್ತಿ ಮುರಿದುಬಿತ್ತು. ಅದರ ಬೆನ್ನಲ್ಲೇ ನಡೆದ ಹಿಂಸೆಯಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂದು ಪಂಡಿತ ಸುಂದರಲಾಲ್ ಸಮಿತಿ ಅಂದಾಜು ಮಾಡಿತು, ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ಒಂದು ಉಗ್ರತೆಯ ಬೆಲೆಯನ್ನು ಅದರಲ್ಲಿ ಪಾಲೇ ಇಲ್ಲದ ಬಡವರು ತೆತ್ತರು ಎಂಬುದನ್ನು ಈ ಸೀಮೆಯ ಇತಿಹಾಸ ಬರೆಯುವವರು ಮರೆಮಾಡುವಂತಿಲ್ಲ.

ಅದೇ ಸಂಸ್ಥಾನದ ನಲ್ಗೊಂಡ, ವಾರಂಗಲ್ ಜಿಲ್ಲೆಗಳಲ್ಲಿ ಇದೇ ಸಂಕಟವು ಕಮ್ಯುನಿಸ್ಟರ ಸಶಸ್ತ್ರ ಹೋರಾಟವಾಗಿ 1946ರಿಂದ 1951ರವರೆಗೆ ನಡೆಯಿತು. ಅಲ್ಲಿ ದೇಶಮುಖರೆಂಬ ದೊಡ್ಡ ಜಮೀನುದಾರರ ಕೈಯಲ್ಲಿ ಸಾವಿರಾರು ಎಕರೆ ಕೂಡಿತ್ತು, ವೆಟ್ಟಿ ಎಂಬ ಬಿಟ್ಟಿ ದುಡಿಮೆ ಊರೂರಲ್ಲಿತ್ತು. 1930ರಲ್ಲಿ ಭಾಷೆಯ ಕೆಲಸಕ್ಕೆಂದು ಹುಟ್ಟಿದ ಆಂಧ್ರ ಮಹಾಸಭೆಯು 1944ರ ಭುವನಗಿರಿ ಅಧಿವೇಶನದ ಹೊತ್ತಿಗೆ ರೈತಸಂಘಟನೆಯಾಗಿ ಮಾರ್ಪಟ್ಟಿತ್ತು. ರಾಯಚೂರು ಭಾಗದಲ್ಲಿ ಜಹಗೀರುಗಳೂ ಗುರಗುಂಟಾ, ಗದ್ವಾಲಗಳಂಥ ಸಣ್ಣ ಸಂಸ್ಥಾನಗಳೂ ಇದ್ದವು, ಆದರೂ ಕನ್ನಡ ವೇದಿಕೆಗಳು ಅಂಥ ತಿರುವು ಪಡೆಯಲಿಲ್ಲ. ಬೆಲೆಕುಸಿತ ಒಂದೇ, ದೊರೆ ಒಬ್ಬನೇ. ಜಮೀನಿನ ಹಂಚಿಕೆಯೂ ಸಂಘಟನೆಯ ಸ್ವರೂಪವೂ ಬೇರೆಯಾದ್ದರಿಂದ ದಾರಿಗಳು ಬೇರೆಯಾದವು.

1949ರಲ್ಲಿ ಜಹಗೀರುಗಳು ರದ್ದಾಗಿ 1950ರಲ್ಲಿ ಗೇಣಿ ಕಾಯ್ದೆ ಬಂದ ಮೇಲೆ, ಈ ಸೀಮೆಯ ಜನ 1952ರಲ್ಲಿ ಮೊದಲ ಬಾರಿಗೆ ಎಲ್ಲ ವಯಸ್ಕರಿಗೂ ಹಕ್ಕಿದ್ದ ಮತಗಟ್ಟೆಗೆ ಬಂದರು. ಹೈದರಾಬಾದ್ ವಿಧಾನಸಭೆಯ 175 ಸ್ಥಾನಗಳಲ್ಲಿ ಕಾಂಗ್ರೆಸ್ 93ನ್ನು ಗೆದ್ದಿತು. ಕಮ್ಯುನಿಸ್ಟರ ಬೆಂಬಲದ ಪೀಪಲ್ಸ್ ಡೆಮಾಕ್ರಾಟಿಕ್ ಫ್ರಂಟ್ 42ನ್ನು ಗೆದ್ದಿತು, ಅದರ ಬಲ ಬಹುಪಾಲು ತೆಲಂಗಾಣದಲ್ಲಿತ್ತು. ಶಸ್ತ್ರ ಹಿಡಿದಿದ್ದವರೂ ಮತಪೆಟ್ಟಿಗೆಯ ದಾರಿ ಸಿಕ್ಕೊಡನೆ ಅದರಲ್ಲಿ ನಡೆದರು. ಆಗ ರಾಯಚೂರು ಜಿಲ್ಲೆಗೆ ಸೇರಿದ್ದ ಕುಷ್ಟಗಿಯ ಲೋಕಸಭಾ ಕ್ಷೇತ್ರದಲ್ಲಿ ಮತದಾರರು ಆಳುವ ಕಾಂಗ್ರೆಸ್ಸನ್ನು ಬಿಟ್ಟು, ರಜಾಕಾರರ ವಿರುದ್ಧ ಹೋರಾಡಿದ್ದ ಅಳವಂಡಿ ಶಿವಮೂರ್ತಿಸ್ವಾಮಿಗಳನ್ನು ಪಕ್ಷೇತರರಾಗಿ ಆರಿಸಿ ಕಳಿಸಿದರು.